ಯಾರು ಇಳಿಸಿದರು?

ಸುಣ್ಣಮ್ಮನನ್ನು ತರಗತಿಯಿಂದ ಹೊರಗೆ ಕೂರಿಸಿದ್ದು ಮೊದಲನೇ ವಾರದಲ್ಲೇ. ಕಾರಣ, ವಾಸನೆ.

ಅದು ವಯಸ್ಸಾದ ಮೇಲೆ ಓದಲು ಬಂದವರ ಸಂಜೆ ತರಗತಿ. ಹಗಲು ಎಳೆಯರು ಓದುವ ಕಾಲೇಜಿನಲ್ಲೇ ಸಂಜೆ ಆರರಿಂದ ಎಂಟರವರೆಗೆ ನಡೆಯುತ್ತಿತ್ತು. ಹನ್ನೊಂದು ಜನ. ಒಬ್ಬ ಬಸ್ ಡ್ರೈವರ್, ಒಬ್ಬ ಗಾರೆ ಕೆಲಸದವನು, ಆಸ್ಪತ್ರೆಯ ಆಯಾಗಳಿಬ್ಬರು, ಬ್ಯಾಂಕಿನ ಗುಮಾಸ್ತೆ ಒಬ್ಬಳು, ಹೀಗೆ. ಎಲ್ಲರಿಗೂ ನಲವತ್ತು ದಾಟಿತ್ತು. ಸುಣ್ಣಮ್ಮನಿಗೆ ನಲವತ್ತಾರು.

ಅವಳು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಸುಣ್ಣದ ಗುಂಡಿಯ ಕೆಲಸದವಳು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಕೂದಲು ಸಡಿಲವಾದ ಮೇಲೆ ಉದ್ದನೆಯ ಕೊಕ್ಕೆ ಹಾಕಿ ಮೇಲಕ್ಕೆಳೆದು, ಹಲಗೆಯ ಮೇಲೆ ಹಾಸಿ, ಕೂದಲನ್ನೂ ಮಾಂಸವನ್ನೂ ಹೆರೆಯಬೇಕು. ನೆಂದ ತೊಗಲು ಹೆಣದಷ್ಟು ಭಾರ. ಅಂಥವು ದಿನಕ್ಕೆ ನಲವತ್ತು. ಹದಿನೇಳು ವರ್ಷದಿಂದ ಅದೇ ಕೆಲಸ. ಅವಳ ಬೆರಳ ತುದಿಗಳು ಸುಟ್ಟು ನುಣ್ಣಗಾಗಿದ್ದವು. ಮೊಣಕೈವರೆಗೆ ಚರ್ಮ ಒಣಗಿದ ಕೆಸರಿನಂತೆ ಬಿರಿದಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಮೈಗಂಟಿದ ವಾಸನೆ ಹೋಗುತ್ತಿರಲಿಲ್ಲ.

ಬ್ಯಾಂಕಿನವಳು ಮೂಗಿಗೆ ಕರವಸ್ತ್ರ ಹಿಡಿದು ಎರಡು ದಿನ ಕೂತಳು. ಮೂರನೇ ದಿನ ಎದ್ದು ನಿಂತಳು. "ಸಾರ್, ನನಗೆ ವಾಂತಿ ಬರೋ ಹಾಗಾಗ್ತಿದೆ. ಏನಾದ್ರೂ ಮಾಡಿ."

ಮೇಷ್ಟ್ರು ಸಣಕಲು ಮನುಷ್ಯ. ಅವರ ಕೆಲಸವೂ ವರ್ಷ ವರ್ಷ ಕೈಕಾಲು ಹಿಡಿದು ಉಳಿಸಿಕೊಳ್ಳುವ ಕೆಲಸ. ಅವರು ಸುಣ್ಣಮ್ಮನ ಬಳಿ ಬಂದು ತಲೆ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ಬಾಗಿಲ ಹೊರಗೆ ಒಂದು ಬೆಂಚ್ ಹಾಕಿಸ್ತೀನಿ. ಬಾಗಿಲು ತೆಗೆದೇ ಇರುತ್ತೆ. ನಾನು ಜೋರಾಗಿ ಹೇಳ್ತೀನಿ."

"ಜೋರಾಗಿ ಹೇಳ್ತೀರಿ. ಬೋರ್ಡು?"

ಮರುದಿನ ಬಾಗಿಲ ಹೊರಗೆ ಬೆಂಚು ಬಿತ್ತು.

ನಲವತ್ತು ದಿನ ಅವಳು ಹೊರಗೆ ಕೂತು ಕಲಿತಳು. ಹೋಗಿ ಬರುವವರ ಕಾಲು ತಗುಲುತ್ತಿತ್ತು. ಕಸ ಗುಡಿಸುವವನು ಅವಳ ಬೆಂಚಿನ ಸುತ್ತ ಪೊರಕೆ ಆಡಿಸಿ ಹೋಗುತ್ತಿದ್ದ. ನಲವತ್ತೊಂದನೇ ದಿನ ಅವಳು ಎದ್ದಳು. ಬೆಂಚನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡಳು. ತೊಗಲು ಎತ್ತುವವಳಿಗೆ ಬೆಂಚು ಯಾವ ಲೆಕ್ಕ? ಒಳಗೆ ತಂದು, ಮೊದಲನೇ ಸಾಲಿನ ಮುಂದೆ, ಬೋರ್ಡಿನ ಕೆಳಗೇ ಧಡ್ ಎಂದು ಇಟ್ಟಳು.

"ನಾನು ಅರ್ಜಿ ಹಾಕಿದ್ದು ಒಳಗೆ ಕೂರೋಕೆ," ಎಂದಳು.

ಡ್ರೈವರಣ್ಣ ತನ್ನ ಕುರ್ಚಿಯನ್ನು ಎಳೆದು ತಂದು ಅವಳ ಪಕ್ಕಕ್ಕೆ ಹಾಕಿಕೊಂಡ. "ಮಧ್ಯಾಹ್ನದ ಹೊತ್ತು ನನ್ನ ಬಸ್ಸು ಹತ್ತಿ ನೋಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇದು ಏನೂ ಅಲ್ಲ. ಪಾಠ ಶುರು ಮಾಡಿ ಸಾರ್."

ಬ್ಯಾಂಕಿನವಳು ಎದ್ದು ಹಿಂದಿನ ಮೂಲೆಗೆ ಹೋದಳು. ಮೇಷ್ಟ್ರು ಪಾಠ ಶುರು ಮಾಡಿದರು.

*

ಎರಡನೇ ವರ್ಷ ಮೇಷ್ಟ್ರು ಹೊಸ ಪಾಠ ತೆಗೆದರು. ವಿದ್ವಾಂಸರ ಲೇಖನಗಳನ್ನು ಓದಿ, ಅವುಗಳನ್ನು ಕೂಡಿಸಿ, ತಮ್ಮದೇ ಪ್ರಬಂಧ ಬರೆಯುವುದು. ಪದವಿ ಸಿಗಬೇಕಾದರೆ ಇದರಲ್ಲಿ ಪಾಸಾಗಲೇಬೇಕು.

"ಒಬ್ಬೊಬ್ಬರಿಗೆ ಮೂರು ಲೇಖನ ಕೊಡ್ತೀನಿ," ಎಂದರು. "ಮೂರರ ಸಾರಾಂಶ ಒಂದರ ಕೆಳಗೊಂದು ಬರೆದು ತಂದ್ರೆ ಹರಿದು ಹಾಕ್ತೀನಿ. ಅದು ಪ್ರಬಂಧ ಅಲ್ಲ, ಸಾಮಾನಿನ ಚೀಟಿ. ಮೂರು ಜನಾನೂ ಒಂದೇ ಕೋಣೇಲಿ ಕೂರಿಸಿ. ಮಾತಾಡಿಸಿ. ಯಾರು ಯಾರಿಗೆ ಹೂಂ ಅಂತಾರೆ, ಯಾರು ಯಾರನ್ನ ತಡೀತಾರೆ, ಯಾವ ವಿಷಯ ಬಂದ ಕೂಡ್ಲೇ ಮೂವರೂ ಬಾಯಿ ಮುಚ್ಕೋತಾರೆ, ಅದನ್ನ ನೋಡಿ. ಆಮೇಲೆ ನಿಮ್ಮ ಮಾತು."

"ಅಮ್ಮನ್ನ, ಹೆಂಡ್ತೀನ ಒಂದೇ ಕೋಣೇಲಿ ಕೂರಿಸೋಕೆ ಇಪ್ಪತ್ತು ವರ್ಷದಿಂದ ಆಗ್ಲಿಲ್ಲ ಸಾರ್," ಎಂದ ಡ್ರೈವರಣ್ಣ. "ವಿದ್ವಾಂಸರನ್ನ ಹೇಗೆ ಕೂರಿಸ್ಲಿ?"

ಎಲ್ಲರೂ ನಕ್ಕರು. ಮೇಷ್ಟ್ರು ಬೋರ್ಡಿನ ಮೇಲೆ ಚೌಕ ಚೌಕವಾಗಿ ಮನೆ ಮನೆ ಎಳೆದರು. ಮೇಲೆ ಅಡ್ಡಕ್ಕೆ ಲೇಖನಗಳ ಹೆಸರು. ಎಡಕ್ಕೆ ಉದ್ದಕ್ಕೆ ಓದುವವರ ಪ್ರಶ್ನೆಗಳು. ಯಾವ ಲೇಖನ ಯಾವ ಪ್ರಶ್ನೆಗೆ ಏನು ಹೇಳುತ್ತದೆಯೋ ಆ ಮನೆಯಲ್ಲಿ ತುಂಬಬೇಕು.

ಸುಣ್ಣಮ್ಮನಿಗೆ ಬಂದ ವಿಷಯ, ಕಾರ್ಖಾನೆಯ ಕೊಳಚೆ ತೊಟ್ಟಿಗಳಲ್ಲಿ ಆಗುವ ಸಾವು. ಮೂರರಲ್ಲಿ ಮೊದಲನೇ ಲೇಖನ ಆ ಕಾಲೇಜಿನದೇ ದೊಡ್ಡ ಪ್ರೊಫೆಸರರದು. ಮೇಷ್ಟ್ರಿಗೆ ಮೇಲಿನವರು.

ಬೆಳಗಿನ ಐದಕ್ಕೆ ಎದ್ದು, ಕೆಲಸಕ್ಕೆ ಹೊರಡುವವರೆಗೆ ಅವಳು ಓದುತ್ತಿದ್ದಳು. ಒಂದೇ ಕೋಣೆಯ ಮನೆ. ಅವಳು, ತಮ್ಮನ ಹೆಂಡತಿ, ಇಬ್ಬರೇ. ತಮ್ಮನ ಹೆಂಡತಿ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಮಾಡುತ್ತಿದ್ದಳು. ಒಂದೇ ಬಲ್ಬಿನ ಕೆಳಗೆ ಅವಳ ಸೂಜಿ, ಇವಳ ಪೆನ್ನು. ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಬೇಕಿತ್ತು. ಮೊದಲನೇ ಲೇಖನದ ಹನ್ನೊಂದನೇ ಪುಟಕ್ಕೆ ಬರಲು ಆರು ದಿನ ಹಿಡಿಯಿತು.

ಹನ್ನೊಂದನೇ ಪುಟದಲ್ಲಿ ಹೀಗಿತ್ತು: "ಎಂಟನೇ ಪ್ರಕರಣ. ಪುರುಷ, ಮೂವತ್ತೊಂದು ವರ್ಷ, ಚರ್ಮೋದ್ಯಮ. ಮೃತನು ಘಟನೆಯ ವೇಳೆ ಮದ್ಯಪಾನ ಮಾಡಿದ್ದು, ಎಚ್ಚರಿಕೆಯನ್ನು ಕಡೆಗಣಿಸಿ ತೊಟ್ಟಿಗೆ ಇಳಿದನು. ಆಧಾರ: ಮೃತನ ಅಕ್ಕ ಸಹಿ ಮಾಡಿದ ಹೇಳಿಕೆ."

ಅವಳು ಎರಡನೇ ಸಲ ಓದಿದಳು. ಮೂರನೇ ಸಲ ಜೋರಾಗಿ ಓದಿದಳು. ತಮ್ಮನ ಹೆಂಡತಿಯ ಸೂಜಿ ನಿಂತಿತು.

"ಅಕ್ಕಾ, ಯಾರ ವಿಷಯ ಅದು?"

"ನಿನ್ನ ಗಂಡಂದು," ಎಂದಳು ಸುಣ್ಣಮ್ಮ. "ಹೇಳಿದೋಳು ನಾನಂತೆ."

*

ಆರು ವರ್ಷದ ಹಿಂದೆ ಕೊಳಚೆ ತೊಟ್ಟಿಯ ಕೊಳವೆ ಕಟ್ಟಿಕೊಂಡಿತ್ತು. ಕಾರ್ಖಾನೆಯ ಕೂದಲು, ಕೊಬ್ಬು, ಸುಣ್ಣ, ಹದ ಹಾಕುವ ಪೀಪಾಯಿಗಳ ಆಮ್ಲದ ನೀರು, ಎಲ್ಲ ಬಂದು ಸೇರುವ ತೊಟ್ಟಿ ಅದು. ಎರಡಾಳು ಆಳ. ಅವಳ ತಮ್ಮ ಅಂಚಿಗೆ ಹೋಗಿ ಮೂಗು ಹಿಡಿದು ವಾಪಸ್ ಬಂದ. "ಕೊಳೆತ ಮೊಟ್ಟೆ ವಾಸನೆ ಬರ್ತಿದೆ ಸಾರ್. ನಾನು ಇಳಿಯಲ್ಲ."

ಸೂಪರ್‌ವೈಸರ್ ಅವನ ಕೆನ್ನೆಗೆ ಬಾರಿಸಿದ. "ನಿನ್ನ ಮೈಗಿಂತ ಜಾಸ್ತಿ ನಾರುತ್ತೇನೋ?"

ತಮ್ಮ ಇಳಿಯಲಿಲ್ಲ. ಇನ್ನೊಂದು ಏಟು ಬಿತ್ತು. ಆಮೇಲೆ ಸೊಂಟಕ್ಕೆ ಒದ್ದ. ಅವನು ಏಣಿಯ ಮೇಲೆ ಬಿದ್ದು ಕೈಗೆ ಸಿಕ್ಕ ಮೆಟ್ಟಿಲು ಹಿಡಿದುಕೊಂಡ. ಮೇಲೆ ಬರಲು ನೋಡಿದರೆ ಬೂಟಿನ ಕಾಲು ಬೆರಳ ಮೇಲೆ. ಅವನು ಇಳಿದ. ಸುಣ್ಣಮ್ಮ ಹದಿನೈದು ಹೆಜ್ಜೆ ದೂರದಲ್ಲಿ ಕೊಕ್ಕೆ ಹಿಡಿದು ನಿಂತಿದ್ದಳು. ನಿಂತೇ ಇದ್ದಳು. ಅದು ಅವಳನ್ನು ಆರು ವರ್ಷ ತಿಂದಿತ್ತು.

ಕೆಳಗಿನಿಂದ ಅವನ ದನಿ ಬಂತು. "ಅಕ್ಕಾ, ವಾಸನೆ ನಿಂತೋಯ್ತು!" ದನಿಯಲ್ಲಿ ನೆಮ್ಮದಿ ಇತ್ತು.

ವಾಸನೆ ನಿಂತಿರಲಿಲ್ಲ. ಮೂಗು ಸತ್ತಿತ್ತು. ಆ ಗಾಳಿ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಎರಡನೇ ಉಸಿರಿಗೆ ಅವನು ಕೈಬಿಟ್ಟ. ಮುಖ ಕೆಳಗಾಗಿ ಕೊಳಚೆಯ ಮೇಲೆ ಬಿದ್ದ.

ಅವನನ್ನು ಎತ್ತಲು ಯಾರೂ ಇಳಿಯುವಂತಿರಲಿಲ್ಲ. ಸುಣ್ಣಮ್ಮ ಕೊಕ್ಕೆ ಇಳಿಬಿಟ್ಟಳು. ಮೊದಲು ಅಂಗಿಗೆ ಹಾಕಿದಳು, ಹರಿಯಿತು. ಆಮೇಲೆ ಹೆಗಲಿಗೆ ಹಾಕಿದಳು. ಮಾಂಸಕ್ಕೆ. ತೊಗಲು ಎಳೆದಂತೆ ತಮ್ಮನನ್ನು ಎಳೆದಳು. ಮೂಳೆಗೆ ಕೊಕ್ಕೆ ಸಿಕ್ಕಿದ ಸದ್ದು ಅವಳ ಕೈಯಲ್ಲಿ ಕೇಳಿಸಿತು. ಮೇಲೆ ಬಂದಾಗ ಅವನ ಬಾಯಿ ತುಂಬ ಕಪ್ಪು ನೊರೆ.

ಸೂಪರ್‌ವೈಸರ್ ಆಫೀಸಿನಿಂದ ಒಂದು ಬಾಟಲಿ ತರಿಸಿದ. ಹೆಣದ ಬಾಯಿಗೆ, ಎದೆಗೆ ಸುರಿದ. ಅಕ್ಕನ ಕಣ್ಣೆದುರಿಗೇ. ಆಮೇಲೆ ಅವಳ ಮುಂದೆ ಟೈಪ್ ಮಾಡಿದ ಕಾಗದ ಹಿಡಿದ.

"ಸಹಿ ಹಾಕು. ಹೆಣ ತಗೊಂಡು ಹೋಗು. ಇಲ್ಲಾಂದ್ರೆ ಇಲ್ಲೇ ಕೊಳೀಲಿ."

ಆಗ ಅವಳಿಗೆ ಬರುತ್ತಿದ್ದದ್ದು ಸಹಿ ಒಂದೇ. ಹಾಕಿದಳು. ಅದರಲ್ಲಿ ಏನಿದೆ ಎಂದು ಒಂದು ತಿಂಗಳ ಮೇಲೆ ಇನ್ನೊಬ್ಬರು ಓದಿ ಹೇಳಿದಾಗ ಗೊತ್ತಾಯಿತು. ಅಂದು ಅವಳು ಗೋಡೆಗೆ ತಲೆ ಚಚ್ಚಿಕೊಂಡಳು. ಮಾರನೇ ದಿನ ಹೋಗಿ ಒಂದನೇ ತರಗತಿಯ ಪುಸ್ತಕ ಕೊಂಡು ತಂದಳು. ನಾಲ್ಕು ವರ್ಷ ಕಲಿತ ಮೇಲೆ ಈ ಸಂಜೆ ತರಗತಿಗೆ ಅರ್ಜಿ ಹಾಕಿದಳು.

*

ಲೇಖನಗಳನ್ನು ಅವಳು ಹರಿದುಹಾಕಲಿಲ್ಲ. ಮೂರನ್ನೂ ಮುಗಿಸಿದಳು. ನೋಟ್‌ಬುಕ್ಕಿನಲ್ಲಿ ಮನೆ ಮನೆ ಎಳೆದಳು.

ಯಾಕೆ ಸತ್ತರು? ಮೊದಲನೆಯವರು ಕುಡಿತ, ನಿರ್ಲಕ್ಷ್ಯ ಎಂದಿದ್ದರು. ಎರಡನೆಯವರು ತಿಳಿವಳಿಕೆ ಇಲ್ಲ ಎಂದಿದ್ದರು. ಮೂರನೆಯವರು ಒಳ್ಳೆಯ ಏಣಿ ಇಲ್ಲ, ಮುಖಕವಚ ಇಲ್ಲ ಎಂದು ಹದಿನಾಲ್ಕು ಪುಟ ಬರೆದಿದ್ದರು. ಆ ಮನೆಗಳೆಲ್ಲ ತುಂಬಿದವು. ಕೊನೆಯ ಸಾಲಿನಲ್ಲಿ ಅವಳದೊಂದು ಪ್ರಶ್ನೆ ಇತ್ತು: ಯಾರು ಇಳಿಸಿದರು?

ಮೂರು ಮನೆಯೂ ಖಾಲಿ.

ಅವಳು ಮತ್ತೆ ಮೊದಲಿನಿಂದ ಓದಿದಳು. ಬೆರಳಿಟ್ಟು ಎಣಿಸಿದಳು. ಮರುದಿನ ಸಂಜೆ ತರಗತಿಯಲ್ಲಿ ಎದ್ದು ನಿಂತಳು.

"ಸಾರ್, ಮೂರೂ ಲೇಖನದಲ್ಲಿ ಸೇರಿ ಅರವತ್ನಾಲ್ಕು ಕಡೆ 'ಇಳಿದನು', 'ಇಳಿದರು' ಅಂತಿದೆ. 'ಇಳಿಸಿದರು' ಅಂತ ಒಂದು ಕಡೇನೂ ಇಲ್ಲ. ಒಂದಕ್ಷರ ಅಷ್ಟೇ ವ್ಯತ್ಯಾಸ. ಆ 'ಸಿ'ನ ಮೂವರೂ ನುಂಗಿದ್ದಾರೆ."

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

"ಇದೇ ಪ್ರಬಂಧ," ಎಂದರು. "ಎರಡು ವರ್ಷದಿಂದ ನಾನು ಹೇಳೋಕೆ ಒದ್ದಾಡ್ತಿರೋದು ಇದನ್ನೇ. ಬರೀರಿ."

"ನಾನು ಕಂಡಿದ್ದು ಬರೀಲಾ?"

ಅವರು ತಡವರಿಸಿದರು. "ಆಧಾರ ಕೊಡಬೇಕು. ನೀವು ಕಣ್ಣಾರೆ ಕಂಡಿರಬಹುದು. ಆದರೆ ನಿಮ್ಮ ಸಹಿ ಆ ಕಡೆ ಇದೆಯಲ್ಲಮ್ಮಾ."

"ಬಾಯಿಮಾತು ಆಧಾರ ಆಗಲ್ವಾ?"

"ಆಗುತ್ತೆ. ಯಾರು ಹೇಳಿದ್ದು, ಯಾವಾಗ, ಎಲ್ಲಿ, ಯಾರೆದುರಿಗೆ. ಇಷ್ಟು ಬೇಕು."

ಅವಳು ಕಾರ್ಖಾನೆಯ ಹೆಂಗಸರನ್ನು ಕೇಳಿದಳು. ಅಂದು ನೋಡಿದವರು ಇನ್ನೂ ಏಳು ಜನ ಇದ್ದರು. ಒಬ್ಬಳು ಮುಖ ತಿರುಗಿಸಿದಳು. ಒಬ್ಬಳು ಅತ್ತಳು. ಹಲಗೆಯ ಮೇಲೆ ಅವಳ ಜೊತೆ ಹೆರೆಯುವ ಕುಳ್ಳಿ ಮಾತ್ರ ಕೈಯಲ್ಲಿದ್ದ ಕತ್ತಿ ನಿಲ್ಲಿಸದೆ ಹೇಳಿದಳು. "ನಂಗೆ ಮೂರು ಹೆಣ್ಮಕ್ಕಳು ಕಣಕ್ಕ. ಬಾಯಿ ಬಿಟ್ರೆ ನನ್ನೂ ಅಲ್ಲೇ ಇಳಿಸ್ತಾರೆ."

ಸುಣ್ಣಮ್ಮ ಆಧಾರವಿಲ್ಲದೆಯೇ ಬರೆದಳು. ಕೊನೆಯ ಸಾಲು ಖಾಲಿ ಇದೆ ಎಂದೇ ಬರೆದಳು. ಖಾಲಿ ಇರುವುದೇ ಈ ಮೂರೂ ಲೇಖನಗಳ ಒಮ್ಮತ ಎಂದು ಬರೆದಳು. ಎಂಟನೇ ಪ್ರಕರಣದ ಅಕ್ಕ ನಾನೇ ಎಂದೂ ಬರೆದಳು. ಕರಡನ್ನು ಮೇಷ್ಟ್ರಿಗೆ ಕೊಟ್ಟಳು.

*

ನಾಲ್ಕನೇ ದಿನ ಬೆಳಗ್ಗೆ ಸೂಪರ್‌ವೈಸರ್ ಸುಣ್ಣದ ಗುಂಡಿಯ ಬಳಿ ಬಂದ. ಅವನ ಕೈಯಲ್ಲಿ ಅವಳ ಕರಡಿನ ಪ್ರತಿ ಇತ್ತು.

ಅದು ಅವನಿಗೆ ಸಿಕ್ಕಿದ್ದು ಹೇಗೆಂದು ಆಮೇಲೆ ಮೇಷ್ಟ್ರೇ ಹೇಳಿದರು. ಎಲ್ಲ ಕರಡನ್ನೂ ಪ್ರೊಫೆಸರರಿಗೆ ಕಳಿಸಬೇಕೆಂದು ನಿಯಮವಿತ್ತು. ಮೇಷ್ಟ್ರು ಕಳಿಸಿದರು. ಪ್ರೊಫೆಸರರು ಕಾರ್ಖಾನೆಗೆ ಫೋನು ಮಾಡಿ, ಒಂದು ಪ್ರತಿಯನ್ನೂ ಕಳಿಸಿಕೊಟ್ಟರು.

"ಓದ್ಕೊಂಡು ಪಂಡಿತಳಾಗಿದೀಯಂತೆ," ಎಂದ ಸೂಪರ್‌ವೈಸರ್. "ಬನ್ರೇ ಎಲ್ಲ. ಇವಳ ಪ್ರಬಂಧ ಕೇಳಿ."

ಇಪ್ಪತ್ಮೂರು ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಅವನು ನಾಲ್ಕು ಸಾಲನ್ನು ರಾಗ ಎಳೆದು ಓದಿದ. ಅಣಕಿಸಿದ. ನಾಲ್ಕು ಚೂರು ಮಾಡಿದ. ಆಮೇಲೆ ಅವಳ ಚೀಲಕ್ಕೆ ಕೈ ಹಾಕಿ ನೋಟ್‌ಬುಕ್ ತೆಗೆದ. ಎರಡು ವರ್ಷದ ಪಾಠವೆಲ್ಲ ಇದ್ದ ನೋಟ್‌ಬುಕ್. ಸುಣ್ಣದ ಗುಂಡಿಗೆ ಎಸೆದ.

ಸುಣ್ಣಮ್ಮ ಮಂಡಿಯೂರಿ ಬರಿಗೈಯನ್ನು ಗುಂಡಿಗೆ ಹಾಕಿದಳು. ಬಿರುಕುಗಳಿಗೆಲ್ಲ ಸುಣ್ಣ ಹೊಕ್ಕು ಕೈ ಉರಿಯಿತು. ನೋಟ್‌ಬುಕ್ ಸಿಕ್ಕಿತು. ಮೇಲೆತ್ತುವಷ್ಟರಲ್ಲಿ ಹಾಳೆಗಳು ಅಂಬಲಿಯಾಗಿ ಬೆರಳ ಸಂದಿಯಿಂದ ಇಳಿದುಹೋದವು. ಆ ಕೈಯನ್ನು ಅವಳು ಗುಂಡಿಯ ಕಟ್ಟೆಯ ಮೇಲಿಟ್ಟಿದ್ದೇ ತಡ, ಅವನು ಅದರ ಮೇಲೆ ಬೂಟಿನ ಹಿಮ್ಮಡಿ ಇಟ್ಟ.

"ಈ ಕೈಯಲ್ಲೇ ತಾನೆ ಬರೆದಿದ್ದು?"

ಮೈಭಾರವೆಲ್ಲ ಬಿಟ್ಟು ತಿರುಗಿಸಿದ. ಎರಡು ಬೆರಳು ಒಣ ಕಡ್ಡಿಯಂತೆ ಮುರಿದವು. ಅವಳ ಬಾಯಿಂದ ಬಂದದ್ದು ಕೂಗಲ್ಲ, ಪ್ರಾಣಿಯ ಸದ್ದು.

"ತೊಟ್ಟಿ ಕೊಳವೆ ಇವತ್ತೂ ಕಟ್ಕೊಂಡಿದೆ," ಎಂದ. "ನೀನೇ ಇಳಿ. ಹೇಗಿರುತ್ತೆ ಅಂತ ನೋಡ್ಕೊಂಡು ಬಂದು ಬರಿ."

ಜುಟ್ಟು ಹಿಡಿದು ಎಳೆದುಕೊಂಡು ಹೋದ. ತೊಗಲಿನ ಕೊಬ್ಬು ಬಿದ್ದ ನೆಲದ ಮೇಲೆ ಅವಳ ಮೈ ಜಾರುತ್ತ ಹೋಯಿತು. ತೊಟ್ಟಿಯ ಮುಚ್ಚಳವನ್ನು ಕಾಲಿನಿಂದ ಒದ್ದು ತೆಗೆದ. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಸುಣ್ಣಮ್ಮ ಎಡಗೈಯಿಂದ ಅಂಚನ್ನು ಅವುಚಿಕೊಂಡಳು.

"ಇಳಿಯಲ್ಲ," ಎಂದಳು.

ಅವನು ಬೆನ್ನಿಗೆ ಒದ್ದ.

"ಇಳಿಯಲ್ಲ. ಕೊಲ್ಲೋದಾದ್ರೆ ಇಲ್ಲಿ, ಎಲ್ಲರೆದುರಿಗೆ ಕೊಲ್ಲು. ನಾನಾಗಿ ಇಳಿಯಲ್ಲ."

ಅವನು ಇನ್ನೊಮ್ಮೆ ಕಾಲೆತ್ತಿದ. ಆ ಕಾಲು ನೆಲಕ್ಕೆ ಬರಲಿಲ್ಲ. ತೊಡೆಗೆ ಕೊಕ್ಕೆ ಬಿದ್ದಿತ್ತು. ಹಿಡಿಯ ಆ ತುದಿಯಲ್ಲಿ ಕುಳ್ಳಿ ನಿಂತಿದ್ದಳು. ತೊಗಲು ಎಳೆಯುವ ವರಸೆಯಲ್ಲೇ ಎಳೆದಳು. ಅವನು ಮಗುಚಿ ಬಿದ್ದ. ಇನ್ನೊಂದು ಕೊಕ್ಕೆ ಬೆಲ್ಟಿಗೆ ಬಿತ್ತು. ಮತ್ತೊಂದು ತೋಳಿಗೆ. ಆರು ವರ್ಷದ ಹಿಂದೆ ನಿಂತು ನೋಡಿದ್ದವರು ಈಗ ಓಡಿ ಬಂದರು. ಹಲಗೆ ತೊಳೆಯುವ ಪೊರಕೆಯಿಂದ, ಮುಷ್ಟಿಯಿಂದ, ಚಪ್ಪಲಿಯಿಂದ ಹೊಡೆದರು. ಅವನ ಮೂಗು ಒಡೆಯಿತು. ಒಂದು ಕಿವಿ ಹರಿದು ಜೋತಿತು. ಅವನನ್ನು ಎಳೆದು ತಂದು, ಎದೆಯವರೆಗೆ ತೊಟ್ಟಿಯ ಬಾಯಿಗೆ ಬಗ್ಗಿಸಿ ಹಿಡಿದರು.

"ಇಳಿ," ಎಂದಳು ಕುಳ್ಳಿ.

"ಬೇಡ! ಗ್ಯಾಸಿದೆ! ಇಳಿದ್ರೆ ಸತ್ತೋಗ್ತೀನಿ!"

ಹೊಡೆಯುತ್ತಿದ್ದ ಕೈಗಳೆಲ್ಲ ನಿಂತವು.

ಸುಣ್ಣಮ್ಮ ಎದ್ದಳು. ಮುರಿದ ಕೈಯನ್ನು ಎದೆಗೊತ್ತಿಕೊಂಡು ಬಂದು ಅವನ ಬೆನ್ನಿನ ಮೇಲೆ ಪಾದ ಇಟ್ಟಳು.

"ನನ್ನ ತಮ್ಮ ಇಳಿದಾಗ್ಲೂ ಗ್ಯಾಸ್ ಇತ್ತಾ?"

"ಇತ್ತು!"

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು! ಬಿಡಿ, ಉಸಿರು ಕಟ್ತಿದೆ!"

"ಅವನಾಗಿ ಇಳಿದನಾ?"

"ಇಲ್ಲ! ನಾನೇ ಇಳಿಸ್ದೆ! ಸಂಜೆಯೊಳಗೆ ಕೊಳವೆ ಬಿಡಿಸು ಅಂತ ಮಾಲೀಕರು ಹೇಳಿದ್ರು, ನಾನೇ ಒದ್ದು ಇಳಿಸ್ದೆ! ಕೈ ಮುಗೀತೀನಿ!"

"ತಳ್ಳಕ್ಕ," ಎಂದಳು ಕುಳ್ಳಿ. "ತಳ್ಳಿಬಿಡು."

ತಳ್ಳಬೇಕೆಂದೇ ಅವಳಿಗಿತ್ತು. ಅದನ್ನು ಮುಚ್ಚಿಡುವುದು ಬೇಡ. ಅವಳ ಪಾದಕ್ಕೆ ಅವನ ಬೆನ್ನುಮೂಳೆ ಸಿಕ್ಕಿತ್ತು. ಒಂದು ಗೇಣು ಒತ್ತಿದರೆ ಸಾಕಿತ್ತು. ತಮ್ಮನ ಬಾಯಿಯ ಕಪ್ಪು ನೊರೆ ಕಣ್ಣಿಗೆ ಕಟ್ಟಿತು. ಅವಳು ಒತ್ತಿದಳು ಕೂಡ. ಅವನ ತಲೆ ಇನ್ನಷ್ಟು ಕೆಳಗೆ ಹೋಯಿತು, ಅವನು ಒಂದಕ್ಕೆ ಮಾಡಿಕೊಂಡ. ಆಗ ಅವಳು ಕಾಲು ತೆಗೆದಳು.

"ಎಳ್ಕೊಳ್ಳಿ ಆಚೆಗೆ. ಇವನು ಸತ್ರೆ, ಇವನೂ ಕುಡಿದು ಇಳಿದ ಅಂತ ಬರೀತಾರೆ." ಹೆಂಗಸರ ಕಡೆ ತಿರುಗಿದಳು. "ಟೈಮ್ ಎಷ್ಟು?"

"ಹತ್ತೂ ಇಪ್ಪತ್ತು," ಎಂದು ಯಾರೋ ಹೇಳಿದರು.

"ಎಲ್ಲರೂ ನೆನಪಿಟ್ಕೊಳ್ಳಿ. ಹತ್ತೂ ಇಪ್ಪತ್ತು. ಏನಂದ ಅನ್ನೋದನ್ನೂ."

*

ಮಧ್ಯಾಹ್ನದೊಳಗೆ ಇಪ್ಪತ್ನಾಲ್ಕು ಹೆಂಗಸರನ್ನೂ ಗೇಟಿನಿಂದ ಆಚೆ ಹಾಕಿದರು. ಸುಣ್ಣಮ್ಮ, ಕುಳ್ಳಿ ಇಬ್ಬರ ಮೇಲೆ ಕೊಲೆಯತ್ನದ ದೂರು ಬಿತ್ತು. ಪೊಲೀಸರು ಎರಡು ದಿನ ಇಟ್ಟುಕೊಂಡರು. ಕುಳ್ಳಿಯ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ಹೆಂಗಸರು ಠಾಣೆಯ ಮುಂದೆ ಬೀದಿಯಲ್ಲೇ ಕೂತರು. ಅಲ್ಲಿಂದ ಎಬ್ಬಿಸಲು ಲಾಠಿ ಬೀಸಿದರು. ಏಳಲಿಲ್ಲ. ಮೂರನೇ ದಿನ ಜಾಮೀನು ಸಿಕ್ಕಿತು.

ಬಿಡುಗಡೆಯಾದ ಸಂಜೆಯೇ ಸುಣ್ಣಮ್ಮ ತರಗತಿಗೆ ಹೋದಳು. ಬಲಗೈ ತುಂಬ ಕಟ್ಟು.

ಮೇಷ್ಟ್ರು ಅವಳ ಕೈ ನೋಡಿ ಕಣ್ಣೀರು ಒರೆಸಿಕೊಂಡರು. "ಕಳಿಸಿದ್ದು ನಾನಮ್ಮ," ಎಂದರು. "ನಿಯಮ ಇತ್ತು. ಕಳಿಸಿದೆ."

"ಗೊತ್ತಾಯ್ತು ಸಾರ್. ಅಳಬೇಡಿ. ಪ್ರಬಂಧ ಕೊಡೋಕೆ ಇನ್ನು ಎಷ್ಟು ದಿನ ಇದೆ?"

"ಎರಡು ದಿನ."

ನೋಟ್‌ಬುಕ್ ಹೋಗಿತ್ತು. ಆದರೆ ಆ ಮನೆ ಮನೆ ಪೂರ್ತಿ ಅವಳ ತಲೆಯಲ್ಲಿತ್ತು, ಪುಟದ ಸಂಖ್ಯೆ ಸಮೇತ. ಅವಳು ಹೇಳಿದಳು, ಡ್ರೈವರಣ್ಣ ಬರೆದ. ಹಾಳೆಗಟ್ಟಲೆ ಬರೆದ. "ಅಕ್ಕಾ, ಸ್ವಲ್ಪ ಬ್ರೇಕ್ ಹಾಕು, ನನ್ನ ಕೈಯೂ ಮುರಿಯುತ್ತೆ," ಎಂದು ಕೈ ಕೊಡವಿ ಮತ್ತೆ ಬರೆದ. ಕೊನೆಯ ಸಾಲಿಗೆ ಬಂದಾಗ ಅವಳು ನಿಧಾನವಾಗಿ ಹೇಳಿದಳು. "ಯಾರು ಇಳಿಸಿದರು? 'ನಾನೇ ಇಳಿಸಿದೆ.' ಆಧಾರ: ಸೂಪರ್‌ವೈಸರ್, ಬಾಯಿಮಾತು, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ, ಕೊಳಚೆ ತೊಟ್ಟಿಯ ಅಂಚು. ಕೇಳಿದವರು ಇಪ್ಪತ್ನಾಲ್ಕು ಜನ." ಅದರ ಕೆಳಗೆ ಇಪ್ಪತ್ಮೂರು ಹೆಂಗಸರೂ ಬಂದು ಸಹಿ ಹಾಕಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಸುಣ್ಣಕ್ಕೆ ಸುಟ್ಟ ಹೆಬ್ಬೆಟ್ಟುಗಳು, ಗೆರೆಯೇ ಇಲ್ಲದ ಬರೀ ನೀಲಿ ಮಚ್ಚೆಗಳು.

ಪ್ರಬಂಧ ಒಪ್ಪಿಸುವ ದಿನ ಪ್ರೊಫೆಸರರೇ ಬಂದು ಕೂತರು. ಎದುರಿನ ಬೆಂಚಿನಲ್ಲಿ ಅವಳು. ಅವರು ಹಾಳೆಗಳನ್ನು ಬೆರಳ ತುದಿಯಲ್ಲಿ ತಿರುವಿದರು.

"ಓದು ಚೆನ್ನಾಗಿದೆ," ಎಂದರು. "ಲೇಖನಗಳನ್ನ ಅರ್ಥ ಮಾಡ್ಕೊಂಡಿದ್ದೀರಿ. ಆದರೆ ಈ ಕೊನೇ ಭಾಗ ಆಗಲ್ಲ. ಹೊಡೆದು, ಹೆದರಿಸಿ ಬಾಯಿ ಬಿಡಿಸಿದ್ದು ಆಧಾರ ಅಲ್ಲ."

"ಹೆಣ ಹಿಡಿದಿಟ್ಕೊಂಡು ಹಾಕಿಸಿದ ಸಹಿ?"

"ಏನು?"

"ನಿಮ್ಮ ಹನ್ನೊಂದನೇ ಪುಟ ಸಾರ್. ಎಂಟನೇ ಪ್ರಕರಣ. ನಂಗೆ ಆಗ ಓದೋಕೆ ಬರ್ತಿರಲಿಲ್ಲ. ತಮ್ಮನ ಹೆಣ ಮುಂದಿಟ್ಟು ಸಹಿ ಹಾಕಿಸಿದ್ರು. ಅದು ನಿಮಗೆ ಆಧಾರ ಆಯ್ತು. ಆ ಅಕ್ಕನ್ನ ಒಂದು ಸಲ ಕಂಡು ಮಾತಾಡಿಸ್ಬೇಕು ಅಂತ ಅನ್ನಿಸ್ಲಿಲ್ವಾ? ಕಾರ್ಖಾನೆ ಇಲ್ಲಿಂದ ಎರಡೇ ಬಸ್ ಸ್ಟಾಪು."

ಪ್ರೊಫೆಸರರ ಮುಖ ಕೆಂಪಾಯಿತು.

"ಎರಡನ್ನೂ ತೆಗೀರಿ, ಇಲ್ಲ ಎರಡನ್ನೂ ಇಡಿ," ಎಂದಳು.

"ನೋಡಿ, ಇಷ್ಟು ವರ್ಷ ಕಷ್ಟಪಟ್ಟಿದ್ದೀರಿ. ಕೊನೇ ಎರಡು ಪುಟ ತೆಗೆದುಬಿಡಿ, ಪಾಸು. ಹಟ ಮಾಡಿದ್ರೆ ಫೇಲ್ ಆಗ್ತೀರಿ."

"ತೆಗೆಯಲ್ಲ."

ಅವರು ಬಾಗಿಲ ಕಡೆ ನೋಡಿ ವಾಚ್‌ಮನ್ನನ್ನು ಕೂಗಿದರು. "ಇವರನ್ನ ಹೊರಗೆ ಕಳಿಸು." ವಾಚ್‌ಮನ್ ಬಂದು ಸಿಕ್ಕ ಕೈಯನ್ನು ಹಿಡಿದೆಳೆದ. ಅದು ಕಟ್ಟು ಹಾಕಿದ ಕೈ. ಸುಣ್ಣಮ್ಮನ ಚೀತ್ಕಾರ ಕಿಟಕಿಯ ಗಾಜಿಗೆ ಬಡಿಯಿತು. ಕಟ್ಟಿನ ಬಟ್ಟೆಯ ಮೇಲೆ ಕೆಂಪು ಹರಡಿತು. ಗಾರೆಯವನು ಕುರ್ಚಿ ಹಾರಿ ಬಂದು ವಾಚ್‌ಮನ್ನನ ಕತ್ತುಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಡ್ರೈವರಣ್ಣ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಆಯಾಗಳಿಬ್ಬರು ಅವಳನ್ನು ಹಿಡಿದು ಕೂರಿಸಿದರು. ಬ್ಯಾಂಕಿನವಳು ಎದ್ದು ಬಂದಳು. ತನ್ನ ಕರವಸ್ತ್ರ ತೆಗೆದು ಆ ರಕ್ತದ ಮೇಲೆ ಒತ್ತಿ ಹಿಡಿದಳು.

"ಮೇಷ್ಟ್ರೇ, ಏನಿದು? ನಿಮ್ಮ ವಿದ್ಯಾರ್ಥಿಗಳನ್ನ ಸುಮ್ಮನಿರಿಸಿ!" ಎಂದು ಪ್ರೊಫೆಸರರು ಕಿರುಚಿದರು.

ಮೇಷ್ಟ್ರು ಮೇಜಿನ ಮೇಲಿದ್ದ ಅಂಕಪಟ್ಟಿಯನ್ನು ತೆಗೆದು ಅವರ ಮುಂದಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. "ಅವರು ಪಾಸು ಅಂತ ನಾನು ಬರೆದಾಗಿದೆ," ಎಂದರು. ಆ ಒಂದು ಮಾತಿಗೆ ಅವರ ಕೆಲಸ ಹೋಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಂದಿನ ತಿಂಗಳು ಹೋಯಿತು ಕೂಡ. "ನಿಮ್ಮ ತೀರ್ಮಾನ ನೀವು ಬರೀರಿ."

ಪ್ರೊಫೆಸರರು ಗಡಬಡಿಸಿ ಒಂದು ಸಾಲು ಗೀಚಿ, ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ಎದ್ದರು. ಸುಣ್ಣಮ್ಮ ಎಡಗೈಯಿಂದ ಅದನ್ನು ಎಳೆದುಕೊಂಡಳು. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದೊಂದಕ್ಷರವನ್ನೂ ನಿಧಾನವಾಗಿ ಓದಿದಳು. "ಅನುತ್ತೀರ್ಣರಾಗಿರುತ್ತಾರೆ."

"ತಪ್ಪಿದೆ ಸಾರ್," ಎಂದಳು. "ನಾನಾಗಿ ಆಗಲಿಲ್ಲ. ನೀವು ಮಾಡಿದ್ರಿ. 'ನಾನು ಫೇಲ್ ಮಾಡಿದೆ' ಅಂತ ಬರೆದು, ಕೆಳಗೆ ಸಹಿ ಹಾಕಿ."

ಪಟ್ಟಿಯನ್ನು ಅವರ ಮುಂದಕ್ಕೆ ತಳ್ಳಿದಳು.

"ತಿದ್ದಿ ಬರೀರಿ."

ಬಾಗಿಲಿನಿಂದ ಡ್ರೈವರಣ್ಣ ಕದಲಲಿಲ್ಲ. ಪ್ರೊಫೆಸರರು ನಿಂತರು, ಸುತ್ತ ನೋಡಿದರು, ಕೂತರು. ಹನ್ನೊಂದು ಜನ ನೋಡುತ್ತಿರುವಂತೆ ಪೆನ್ನು ಕೈಗೆತ್ತಿಕೊಂಡರು.